ನಾಲ್ಕೂ ದಿನ ಒಂದೇ ಸಮ

ಯಶೋದಾಳನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದುತ್ತ ಹೋದಂತೆ ನಾನು ಅವಳ ವಕೀಲಿಕೆ ವಹಿಸಿಕೊಂಡಿದ್ದೇನೆ ಎಂದು ಯಾರಿಗಾದರೂ ಅನ್ನಿಸಬಹುದು. ಹಾಗೇನೂ ಇಲ್ಲ. ಆರು ವರ್ಷದಿಂದ ಒಂದೇ ಸೂರಿನಡಿ ಕೆಲಸ ಮಾಡುತ್ತಿದ್ದೇವೆ. ಆರು ವರ್ಷದಲ್ಲಿ ಒಂದು ದಿನವೂ ಅವಳು ನನಗೆ ಊಟವಾಯಿತೇ ಎಂದು ಕೇಳಿದ್ದಿಲ್ಲ. ನಾನೂ ಕೇಳಿಲ್ಲ.

ನಮ್ಮದು ಕಾರವಾರದ ಒಂದು ಸ್ಕ್ಯಾನಿಂಗ್ ಸೆಂಟರ್. ಹೆಸರು ಬೇಡ. ನಾನು ದೀಪಾ, ಮುಂದಿನ ಟೇಬಲ್ಲಿನಲ್ಲಿ ಕೂತು ಬಂದವರ ಹೆಸರು, ವಯಸ್ಸು, ಆಧಾರ್ ನಂಬರು ಬರೆದುಕೊಳ್ಳುವವಳು. ಡಾಕ್ಟರು ಹೇಳಿದ ರಿಪೋರ್ಟು ಟೈಪು ಮಾಡುವವಳೂ ನಾನೇ. ಯಶೋದಾ ಸ್ಕ್ಯಾನಿಂಗ್ ಕೋಣೆಯ ಆಯಾ. ಹೆಂಗಸರನ್ನು ಒಳಗೆ ಕರೆಯುವುದು, ಮಂಚದ ಮೇಲೆ ಮಲಗಿಸುವುದು, ಹೊಟ್ಟೆಗೆ ಜೆಲ್ ಹಚ್ಚುವುದು, ಮುಗಿದ ಮೇಲೆ ಒರೆಸಿ ಎಬ್ಬಿಸುವುದು ಅವಳ ಕೆಲಸ. ವಯಸ್ಸು ನಲವತ್ತಮೂರು. ಅಂಕೋಲೆಯಲ್ಲಿ ಬಾಡಿಗೆ ಕೋಣೆ, ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಾಳೆ, ಬಸ್ಸಿನಲ್ಲೂ ಯಾರೊಂದಿಗಾದರೂ ಜಗಳ ಮುಗಿಸಿಯೇ ಇಳಿಯುತ್ತಾಳೆ.

ಕೆಳಹೊಟ್ಟೆಯ ಸ್ಕ್ಯಾನಿಗೆ ಬಂದವರ ಮೂತ್ರಕೋಶ ತುಂಬಿರಬೇಕು, ಇಲ್ಲದಿದ್ದರೆ ಅದರ ಹಿಂದಿನ ಗರ್ಭಕೋಶ ಪರದೆಯ ಮೇಲೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ನೀರು ಕುಡಿಸಿ ಕೂರಿಸುತ್ತೇವೆ. ಬೇರೆ ಕಡೆ ಆಯಾಗಳು ಸ್ವಲ್ಪ ತಡೆದುಕೊಳ್ಳಿ ಅಮ್ಮಾ ಎಂದು ಪುಸಲಾಯಿಸುತ್ತಾರಂತೆ. ಯಶೋದಾ ಶೌಚಾಲಯಕ್ಕೆ ಬೀಗ ಜಡಿದು ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾಳೆ. ಒಮ್ಮೆ ಕೈಗಾ ಅಣುಸ್ಥಾವರದ ಇಂಜಿನಿಯರೊಬ್ಬರ ಹೆಂಡತಿ ಬೆವರುತ್ತ ಬಂದು ಕೀಲಿಕೈ ಕೇಳಿದಾಗ, "ಕಂಪನಿ ಬಸ್ಸಲ್ಲಿ ಅಲ್ಲಿಂದ ತಡ್ಕಂಡು ಬಂದೀರಲ್ಲ, ಇನ್ನು ಹತ್ತು ನಿಮಿಷ ತಡ್ಕಣಿ" ಎಂದಳು. ಅವರು ದೂರು ಬರೆದುಕೊಟ್ಟು ಹೋದರು. ನಮ್ಮ ದೂರಿನ ಪುಸ್ತಕದ ಮುಕ್ಕಾಲು ಪಾಲು ಹಾಳೆಗಳಲ್ಲಿ ಅವಳದೇ ಹೆಸರಿದೆ.

ಇನ್ನು ಅತ್ತೆಯಂದಿರು, ತಾಯಂದಿರು. ಸೊಸೆಯ ಜೊತೆ ಅತ್ತೆ, ಮಗಳ ಜೊತೆ ತಾಯಿ ಒಳಗೆ ಬರಲು ಹೊರಟರೆ ಯಶೋದಾ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. "ಹೊಟ್ಟೆ ಅದರದ್ದು. ಅದೊಂದೇ ಬರ್ಲಿ." ದೊಡ್ಡ ಮನೆಯವರು, ಬಡವರು ಎಂಬ ಭೇದವಿಲ್ಲ. ಈ ನಿಯಮ ನಮ್ಮ ಸೆಂಟರಿನದಲ್ಲ, ಗೋಡೆಯ ಮೇಲಿನ ಯಾವ ಫಲಕದಲ್ಲೂ ಇಲ್ಲ. ಅವಳೇ ಮಾಡಿಕೊಂಡದ್ದು. ಅದಕ್ಕೊಂದು ಕಾರಣವಿದೆ ಎಂಬುದು ನನಗೆ ಕಳೆದ ವರ್ಷದ ಏಪ್ರಿಲ್‌ವರೆಗೆ ಗೊತ್ತಿರಲಿಲ್ಲ. ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅವಳ ಊರು ಅಗಸೂರು. ತಾಯಿ ಬೀರಿ ಮನೆಯ ಹಿಂದೆ ಬಸಳೆ, ಹೀರೆ, ಸೌತೆ ಬೆಳೆದು ಬುಟ್ಟಿಯಲ್ಲಿ ತುಂಬಿಕೊಂಡು ಅಂಕೋಲೆಯ ಪೇಟೆಯಲ್ಲಿ ಮಾರುತ್ತಿದ್ದಳು. ಒಬ್ಬ ಅಣ್ಣ, ಯೋಗೇಶ. ಯಶೋದಾಳ ಓರಗೆಯ ಹುಡುಗಿಯರೆಲ್ಲ ಹದಿಮೂರು ಹದಿನಾಲ್ಕಕ್ಕೆ ದೊಡ್ಡವರಾದರು. ಇವಳಿಗೆ ಹದಿನಾರು ತುಂಬಿದರೂ ಮುಟ್ಟು ಬರಲಿಲ್ಲ. ಆ ಕಡೆಯ ಕೇರಿಗಳಲ್ಲಿ ಇದು ಮುಚ್ಚಿಡಬಹುದಾದ ಸಂಗತಿಯಲ್ಲ. ಯಾವ ಮನೆಯ ಯಾವ ಹೆಂಗಸು ಇವತ್ತು ಅಡುಗೆಮನೆಗೆ ಹೋಗಿಲ್ಲ, ಬಾವಿಯ ಹಗ್ಗ ಮುಟ್ಟಿಲ್ಲ, ಬೇರೆ ಚಾಪೆಯಲ್ಲಿ ಮಲಗಿದ್ದಾಳೆ, ಎಲ್ಲವೂ ಎಲ್ಲರಿಗೂ ಗೊತ್ತು. ಅಕ್ಕಪಕ್ಕದ ಮನೆಯವರೇ ಪಂಚಾಂಗ. ಕೇಳುವವರ ಬಾಯಿ ಹೆಚ್ಚಾದಾಗ ಬೀರಿ ಒಂದು ಬೆಳಿಗ್ಗೆ ಮಗಳು ದೊಡ್ಡವಳಾದಳು ಎಂದು ಸಾರಿದಳು. ಐವರು ಮುತ್ತೈದೆಯರನ್ನು ಕರೆದು ಅರಿಸಿನ ಹಚ್ಚಿ ಮೀಯಿಸಿ, ಪಾಯಸದ ಊಟ ಹಾಕಿಸಿದಳು. ಹುಡುಗಿಗೆ ಒಂದು ಹನಿಯೂ ಬಂದಿರಲಿಲ್ಲ.

ಸುಳ್ಳು ಹೇಳಿದರೆ ಮುಗಿಯುವುದಿಲ್ಲ, ಅದನ್ನು ತಿಂಗಳಿಗೊಮ್ಮೆ ಬದುಕಬೇಕು. ಬೀರಿ ದಿನ ಎಣಿಸುತ್ತಿದ್ದಳು. ಇಪ್ಪತ್ತೆಂಟನೆಯ ದಿನ "ಇವತ್ತು ಕೂರು" ಎನ್ನುತ್ತಿದ್ದಳು. ಯಶೋದಾ ನಾಲ್ಕು ದಿನ ಹಿಂಬದಿಯ ಜಗಲಿಯಲ್ಲಿ ಚಾಪೆ ಹಾಸಿ ಕೂರುತ್ತಿದ್ದಳು, ನಾಲ್ಕನೆಯ ದಿನ ಎಲ್ಲರಿಗೂ ಕಾಣುವಂತೆ ಬಟ್ಟೆ ಒಗೆದು ತಲೆಸ್ನಾನ ಮಾಡುತ್ತಿದ್ದಳು. ಇಪ್ಪತ್ತಕ್ಕೆ ಭಾವಿಕೇರಿಯ ದೇವ ಎಂಬವನಿಗೆ ಕೊಟ್ಟು ಮದುವೆ ಮಾಡಿದರು. ಅಲ್ಲಿಯೂ ಒಂಬತ್ತು ವರ್ಷ ಅದೇ ಆಟ. ಮುಟ್ಟು ಇಷ್ಟು ಕ್ರಮವಾಗಿರುವ ಸೊಸೆಗೆ ಮಕ್ಕಳೇಕೆ ಆಗುತ್ತಿಲ್ಲ ಎಂದು ಅತ್ತೆ ಹರಕೆ ಹೊತ್ತಳು, ನಾಟಿ ಔಷಧ ಕುಡಿಸಿದಳು, ಆಮೇಲೆ ಬೈಯಲು ಶುರುಮಾಡಿದಳು. ಡಾಕ್ಟರುಗಳು ಮುಟ್ಟು ಸರಿಯಾಗಿದೆಯೇ ಎಂದು ಕೇಳುತ್ತಿದ್ದರು, ಇವಳು ಹೌದು ಎನ್ನುತ್ತಿದ್ದಳು, ಅವರು ಮಕ್ಕಳಾಗುವ ಮಾತ್ರೆ ಬರೆಯುತ್ತಿದ್ದರು. ಬೇರೆ ಬೇರೆ ಕಡೆ ಮೂರು ಸಲ ಸ್ಕ್ಯಾನ್ ಆಯಿತು. ಮೂರರಲ್ಲೂ "ಗರ್ಭಕೋಶ ಸಹಜ ಗಾತ್ರದಲ್ಲಿದೆ" ಎಂದು ಅಚ್ಚಾಗಿ ಬಂತು.

ಅದು ಹೇಗೆ ಬರುತ್ತದೆ ಎಂದು ನನ್ನನ್ನು ಕೇಳಿ. ನನ್ನ ಕಂಪ್ಯೂಟರಿನಲ್ಲೂ ಒಂದು ಸಿದ್ಧ ರಿಪೋರ್ಟಿದೆ. ಯಕೃತ್ತು ಸಹಜ, ಮೂತ್ರಪಿಂಡ ಸಹಜ, ಗರ್ಭಕೋಶ ಸಹಜ. ಹೆಸರು, ವಯಸ್ಸು ಬದಲಿಸುವುದು, ಡಾಕ್ಟರು ಏನಾದರೂ ವಿಶೇಷ ಹೇಳಿದರೆ ಆ ಸಾಲು ಮಾತ್ರ ತಿದ್ದುವುದು. ದಿನಕ್ಕೆ ನಲವತ್ತು ಜನ ಬಂದರೆ ಮತ್ತೇನು ಮಾಡುತ್ತಾರೆ. ಇಲ್ಲದ ಗರ್ಭಕೋಶಕ್ಕೆ ಸಹಜ ಗಾತ್ರ ಕೊಟ್ಟ ಆ ಮೂವರು ಟೈಪಿಸ್ಟರನ್ನು ಬೈಯುವ ಬಾಯಿ ನನಗಿಲ್ಲ.

ಯಶೋದಾಳಿಗೆ ಇಪ್ಪತ್ತೊಂಬತ್ತಾದಾಗ ಅತ್ತೆ ಅವಳನ್ನು ನಮ್ಮ ಸೆಂಟರಿಗೆ ಕರೆತಂದಳು. ಆಗ ಇಲ್ಲಿದ್ದ ಹಿರಿಯ ಡಾಕ್ಟರು, ಈಗ ನಿವೃತ್ತರು, ಅರ್ಧ ತಾಸು ನೋಡಿದರಂತೆ. ಆಮೇಲೆ ಎಂ.ಆರ್.ಐ. ಮಾಡಿಸಿದರು. ಹುಟ್ಟುವಾಗಲೇ ಗರ್ಭಕೋಶ ಬೆಳೆದಿಲ್ಲ, ಅಂಡಾಶಯಗಳು ಸರಿಯಾಗಿವೆ, ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ ಎಂದು ಹೇಳಿದರು. ಹೇಳುವಾಗ ಅತ್ತೆ ಕೋಣೆಯ ಒಳಗೇ ಇದ್ದಳು. ಎಂಟು ದಿನದಲ್ಲಿ ಯಶೋದಾಳ ಗಂಟುಮೂಟೆ ಅಗಸೂರಿಗೆ ಬಂತು. ಬೀರಿ ಬಾಗಿಲಲ್ಲೇ ನಿಲ್ಲಿಸಿದಳು. "ನಾ ಹದಿಮೂರು ವರ್ಷ ಮುಚ್ಚಿಟ್ಟಿದ್ದು ನೀ ಒಂದಿನದಲ್ಲಿ ಬಯಲಿಗೆ ಹಾಕ್ದೆ. ಎಲ್ಲಿ ಹಾಕ್ದ್ಯೋ ಅಲ್ಲೇ ಹೋಗು" ಎಂದಳಂತೆ. ಯಶೋದಾ ತಾಯಿಯ ಮಾತನ್ನು ಅಕ್ಷರಶಃ ಪಾಲಿಸಿದಳು. ಸೀದಾ ಕಾರವಾರಕ್ಕೆ ಬಂದು ಅದೇ ಡಾಕ್ಟರನ್ನು ಕೆಲಸ ಕೇಳಿದಳು. ಅವತ್ತಿನಿಂದ ಹದಿನಾಲ್ಕು ವರ್ಷ ಅದೇ ಮಂಚದ ಪಕ್ಕ ನಿಂತಿದ್ದಾಳೆ.

ಕಳೆದ ವರ್ಷದ ಆ ಏಪ್ರಿಲ್ ಬೆಳಿಗ್ಗೆ ನನಗೆ ಇದೊಂದೂ ಗೊತ್ತಿರಲಿಲ್ಲ. ಅಹಂಕಾರಕ್ಕೆ ಗಂಡನನ್ನು ಬಿಟ್ಟು ಬಂದವಳು ಎಂದೇ ನಾನು ತಿಳಿದಿದ್ದೆ, ನಾಲ್ಕು ಜನಕ್ಕೆ ಹಾಗೆ ಹೇಳಿಯೂ ಇದ್ದೆ.

ಅವತ್ತು ಹನ್ನೊಂದನೆಯ ನಂಬರು ಪ್ರಣಿತಾ ಎಂಬ ಹುಡುಗಿಯದು. ಹದಿನೇಳು ವರ್ಷ, ಆಗಷ್ಟೇ ಪಿಯುಸಿ ಪರೀಕ್ಷೆ ಮುಗಿಸಿದ್ದಳು. ನಾಲ್ಕು ವರ್ಷದಿಂದ ತಿಂಗಳಿಗೊಮ್ಮೆ ಹೊಟ್ಟೆನೋವು, ಈ ಸಲ ಎರಡು ದಿನವಾದರೂ ಇಳಿದಿರಲಿಲ್ಲ, ಬೆಳಿಗ್ಗೆ ಮೂತ್ರವೂ ಕಟ್ಟಿಕೊಂಡು ಅಂಕೋಲೆಯ ಡಾಕ್ಟರು ನಳಿಕೆ ಹಾಕಿ ತೆಗೆದು, ನಮ್ಮ ಸೆಂಟರಿನ ಹೆಸರು ಬರೆದು ಕಳಿಸಿದ್ದರು. ಕೆಳಹೊಟ್ಟೆ ಹೊರಗಿನಿಂದಲೇ ಉಬ್ಬಿ ಕಾಣುತ್ತಿತ್ತು. ಜೊತೆಗೆ ತಂದೆ ಮತ್ತು ಅಜ್ಜಿ. ತಾಯಿ ಇಲ್ಲದ ಹುಡುಗಿ, ಅಜ್ಜಿಯೇ ಬೆಳೆಸಿದ್ದು. ತಂದೆ ಯಶೋದಾಳ ಅಣ್ಣ ಯೋಗೇಶ, ಅಜ್ಜಿ ಬೀರಿ. ಆದರೆ ಅವರ್ಯಾರೂ ಅದನ್ನು ತೋರಿಸಿಕೊಳ್ಳಲಿಲ್ಲ. ಯಶೋದಾ ನಂಬರು ಕರೆಯಲು ಬಾಗಿಲಿಗೆ ಬಂದಾಗ ಯೋಗೇಶ ಮೊಬೈಲು ನೋಡತೊಡಗಿದ, ಬೀರಿ ಕೊರಳ ಮಣಿಸರ ಸರಿಪಡಿಸಿಕೊಳ್ಳುತ್ತ ಗೋಡೆಯ ಕಡೆ ಮುಖ ಮಾಡಿದಳು. ಯಾರೋ ಪರಸ್ಥಳದವರು ಎಂದುಕೊಂಡೆ.

"ಕೊನೇ ಸಲ ಮುಟ್ಟಾದದ್ದು ಯಾವಾಗ?" ಎಂದು ನಾನು ಹುಡುಗಿಯನ್ನು ಕೇಳಿದೆ. ಫಾರ್ಮಿನಲ್ಲಿ ಅದನ್ನು ಬರೆಯಲೇಬೇಕು.

ಉತ್ತರ ಕೊಟ್ಟವಳು ಬೀರಿ. "ಅಮಾಸಿ ಮಾರನೇ ದಿನ ಕೂತಿತ್ತು, ಬಾಯೀ. ತಿಂಗ್ಳ ತಿಂಗ್ಳ ಒಂದಿನ ಆಚೀಚೆ ಆಗೂದಿಲ್ಲ."

ನಾನು ಕ್ಯಾಲೆಂಡರು ನೋಡಿ ತಾರೀಕು ಬರೆದೆ.

ಬಾಗಿಲಲ್ಲಿ ಯಶೋದಾ ಎಂದಿನಂತೆ ಅಜ್ಜಿಯನ್ನು ತಡೆದಳು. ಬೀರಿ ಅವಳ ಮುಖ ನೋಡದೆ, ಮೇಲಿಂದ ಮೇಲೆ ಒಳಗಿದ್ದ ಡಾಕ್ಟರನ್ನೇ ಕರೆದಳು. ಈಗಿನ ಡಾಕ್ಟರು ವಿನೋದ ಎಂದು, ಕೈ ಚುರುಕು, ಬಾಯಿ ಇನ್ನೂ ಚುರುಕು. "ಮದುವೆಯಾಗದ ಹುಡುಗಿ, ಅಜ್ಜಿ ಇರ್ಲಿ ಬಿಡು ಯಶೋದಾ, ಹೊರಗೆ ಮೂವತ್ತು ಜನ ಇದ್ದಾರೆ" ಎಂದರು. ಹಾಗಾಗಿ ಡಾಕ್ಟರು ಕೇಳಿದ ಒಂದೊಂದು ಪ್ರಶ್ನೆಗೂ ಅಜ್ಜಿಯೇ ಉತ್ತರ ಹೇಳಿದಳು. ಹುಡುಗಿ ಛಾವಣಿ ನೋಡುತ್ತ ಮಲಗಿದ್ದಳಂತೆ.

ಹತ್ತು ನಿಮಿಷದಲ್ಲಿ ಮುಗಿಯಿತು. ಮೂತ್ರಕೋಶದ ಹಿಂದೆ ತೆಂಗಿನಕಾಯಿಯಷ್ಟು ದೊಡ್ಡದು, ಒಳಗೆ ಮಂದವಾದ ದ್ರವ. ಮುಟ್ಟು ಕ್ರಮವಾಗಿದೆ ಎಂದ ಮೇಲೆ ಅದು ಅಂಡಾಶಯದ ಗಡ್ಡೆಯಲ್ಲದೆ ಮತ್ತೇನು ಎಂದು ಡಾಕ್ಟರು ತೀರ್ಮಾನಿಸಿದರು. ನನಗೆ ಫೋನಿನಲ್ಲಿ ಆ ಸಾಲು ಹೇಳಿದರು. ನಾನು ಸಿದ್ಧ ರಿಪೋರ್ಟಿನಲ್ಲಿ ಅಂಡಾಶಯದ ಸಾಲು ಮಾತ್ರ ತಿದ್ದಿದೆ. ಗರ್ಭಕೋಶ ಸಹಜ ಎಂಬುದು ಹಾಗೇ ಉಳಿಯಿತು. ಅಷ್ಟರಲ್ಲಿ ಡಾಕ್ಟರು ಪಡಸಾಲೆಗೆ ಬಂದು ಯೋಗೇಶನಿಗೂ ಬೀರಿಗೂ ವಿವರಿಸಿದರು. ನಾಳೆ ಬೆಳಿಗ್ಗೆಯೇ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್, ಅಂಡಾಶಯ ತೆಗೆಯಬೇಕಾಗುತ್ತದೆ, ಗಡ್ಡೆ ಗರ್ಭಕೋಶಕ್ಕೆ ಅಂಟಿಕೊಂಡಿದ್ದರೆ ಅದನ್ನೂ ಬಿಡುವಂತಿಲ್ಲ, ಸಹಿ ಹಾಕಬೇಕು. ಯೋಗೇಶ ಕಣ್ಣೊರೆಸಿಕೊಂಡ. ಬೀರಿ, "ತೆಗ್ದ್ ಬಿಡಿ. ನೋವು ಹೋದ್ರೆ ಸಾಕು" ಎಂದಳು.

ಆ ಹೊತ್ತಿಗೆ ಕೋಣೆಯೊಳಗೆ ಯಶೋದಾ ಮತ್ತು ಹುಡುಗಿ ಇಬ್ಬರೇ ಇದ್ದರು. ಯಶೋದಾ ಹೊಟ್ಟೆಯ ಜೆಲ್ ಒರೆಸುತ್ತ ಕೇಳಿದಳಂತೆ, ಎಷ್ಟು ದಿನ ಹೋಗುತ್ತದೆ ಎಂದು. ನಾಲ್ಕು ದಿನ ಎಂದಿತು ಹುಡುಗಿ.

"ಮೊದಲ್ನೇ ದಿನ ಜಾಸ್ತಿಯಾ, ಎರಡ್ನೇ ದಿನ ಜಾಸ್ತಿಯಾ?"

ಹುಡುಗಿ ಸ್ವಲ್ಪ ಯೋಚಿಸಿ ಹೇಳಿತು. "ನಾಲ್ಕೂ ದಿನ ಒಂದೇ ಸಮ."

ಮುಟ್ಟಾಗುವ ಯಾವ ಹೆಣ್ಣೂ ಈ ಉತ್ತರ ಕೊಡುವುದಿಲ್ಲ. ಯಶೋದಾ ಸ್ವತಃ ಒಂಬತ್ತು ವರ್ಷ ಡಾಕ್ಟರುಗಳಿಗೆ ಕೊಟ್ಟ ಉತ್ತರ ಅದು.

ಅವಳು ನನ್ನ ಟೇಬಲ್ಲಿಗೆ ಬಂದು ಪ್ರಿಂಟರಿನ ಮೇಲೆ ಅಂಗೈ ಊರಿದಳು. "ಆ ಕಾಗ್ದ ಕೊಡ್ಬೇಡ."

"ಕೈ ತೆಗಿ. ನಿನ್ನ ಕೆಲ್ಸ ಒಳಗೆ" ಎಂದೆ.

"ತಾರೀಕು ಸುಳ್ಳದೆ. ಕೊಡ್ಬೇಡ ದೀಪಾ."

ಆರು ವರ್ಷದಲ್ಲಿ ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನನಗೆ ಸಿಟ್ಟೇ ಬಂತು. ಅವಳ ಕೈಯಡಿಯಿಂದ ಕಾಗದ ಎಳೆದುಕೊಂಡೆ, ಮೂಲೆ ಹರಿಯಿತು. ಹರಿದ ಕಾಗದವನ್ನೇ ಯೋಗೇಶನ ಕೈಗೆ ಕೊಟ್ಟೆ. ಒಂದು ಹುಡುಗಿಯ ಹೊಟ್ಟೆಯ ವಿಷಯದಲ್ಲಿ ನಾನು ನನ್ನ ಹಟ ಗೆಲ್ಲಿಸಿಕೊಂಡೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಯಶೋದಾ ತಿರುಗಿ ಪಡಸಾಲೆಯ ನಡುವೆ ಹೋಗಿ ಮುದುಕಿಯ ಎದುರು ನಿಂತಳು.

"ಅವ್ವಿ, ಖರೆ ಹೇಳು. ಈ ಕೂಸಿಗೆ ಮುಟ್ಟು ಬಂದದ್ಯಾ?"

ಮೂವತ್ತು ಜನರಿಗೂ ನನಗೂ ಆಗಲೇ ಗೊತ್ತಾದದ್ದು, ಇವರು ತಾಯಿ ಮಗಳು ಎಂದು.

"ನಂಗೆ ಮಗಳಿಲ್ಲ" ಎಂದಳು ಬೀರಿ, ಗೋಡೆಗೆ.

"ಇಲ್ದಿದ್ರೆ ಬೇಡ. ಮೊಮ್ಮಗಳು ಅದೆಯಲ್ಲ, ನಾಳೆ ಅದರ ಹೊಟ್ಟೆ ಕೊಯ್ತಾರೆ. ನನ್ನ ಕೂರ್ಸ್ದಂಗೆ ಅದ್ನೂ ಲೆಕ್ಕ ಹಾಕಿ ಕೂರ್ಸ್ತೆ ಅಲ್ವಾ ನೀನು?"

ಬೀರಿ ಎದ್ದು ನಿಂತಳು. ಸಣ್ಣ ಮೈ, ಆದರೆ ಪೇಟೆಯಲ್ಲಿ ಕೂಗಿ ಮಾರಿದ ಗಂಟಲು. "ಹೌದು, ಕೂರ್ಸ್ತೆ. ನಿನ್ನಂಗೇ ಅದೆ ಅದು. ನಿನ್ನ ರಕ್ತ. ನಿಂದು ಈ ಮಿಶನ್ನಿಗೆ ತೋರ್ಸಿ ಎಂತ ಬಂತು? ಗರ್ಭ ಹುಟ್ಟಿತಾ? ಗಂಡ ಬಿಟ್ಟ, ಊರು ಉಗೀತು. ಇದ್ನೂ ನಿನ್ನಂಗೆ ಮಾಡೂಕೆ ಬಿಡ್ಲಾ? ಗಡ್ಡೆ ತೆಗೀತ್ರು, ನೋವು ಹೋಯ್ತದೆ. ಉಳ್ದದ್ದು ಯಾರಿಗೂ ಗೊತ್ತಾಗೂದು ಬೇಡ."

ಆಗ ನನಗೆ ಅರ್ಥವಾಯಿತು. ಮಗಳಿಗೆ ಗರ್ಭಕೋಶವಿಲ್ಲ, ಮೊಮ್ಮಗಳಿಗೂ ಮುಟ್ಟಿಲ್ಲ, ಅಂದಮೇಲೆ ಇವಳಿಗೂ ಅದೇ ಎಂದು ಮುದುಕಿ ನಾಲ್ಕು ವರ್ಷದಿಂದ ನಂಬಿಕೊಂಡಿದ್ದಳು. ಒಂದು ಸಲ ಸ್ಕ್ಯಾನಿಂಗ್ ಮಿಶನ್ನು ಸತ್ಯ ಹೇಳಿ ಮನೆ ಮುರಿದಿತ್ತು. ಎರಡನೆಯ ಸಲ ಅದು ಸತ್ಯ ಹೇಳದಂತೆ ಅವಳು ಟೊಂಕ ಕಟ್ಟಿ ನಿಂತಿದ್ದಳು.

"ನಂಗೆ ಯಾವತ್ತಾರೂ ಹೊಟ್ಟೆ ನೋವು ಬಂದಿತ್ತಾ ಅವ್ವಿ?" ಯಶೋದಾಳ ದನಿ ಇನ್ನೂ ಮೇಲೇರಿತು. "ಹದಿಮೂರು ವರ್ಷ ನಾ ಸುಮ್ನೇ ಕೂತಿದ್ದೆ. ಒಂದಿನ ಒಂದು ಸೆಳೆತ ಇರ್ಲಿಲ್ಲ. ಇದು ತಿಂಗ್ಳ ತಿಂಗ್ಳ ಬಿದ್ದು ಹೊರಳ್ತದೆ ಅಂದ್ರೆ ಇದರ ಗರ್ಭ ಸರಿ ಅದೆ. ಒಳಗೆ ಮುಟ್ಟಾಗ್ತದೆ, ಹೊರಗೆ ಬರೂಕೆ ದಾರಿ ಇಲ್ಲ. ಆ ಗಡ್ಡೆ ಗಡ್ಡೆ ಅಲ್ಲ. ನಾಲ್ಕು ವರ್ಷದ ರಕ್ತ. ಇಂಥದ್ದು ನಾ ಇಲ್ಲಿ ಎರಡು ನೋಡೀನಿ."

ಗಲಾಟೆ ಕೇಳಿ ಡಾಕ್ಟರು ಬಾಗಿಲು ತೆರೆದರು. "ಏನಿದು ಸಂತೆ? ಆಯಾ ನನಗೆ ರಿಪೋರ್ಟು ಹೇಳಿಕೊಡ್ತಾಳಾ? ಒಳಗೆ ನಡಿ."

"ನಡೀತೆ. ಇದರ ಗರ್ಭಕೋಶ ಎಲ್ಲಿ ನೋಡಿದ್ರಿ, ಅದೊಂದು ತೋರ್ಸಿ. ನಾಲ್ಕು ಫೋಟೋ ತೆಗ್ದೀರಿ, ನಾಲ್ಕರಲ್ಲೂ ಬರೀ ಗಡ್ಡೆ ಅದೆ."

ಡಾಕ್ಟರ ಮುಖ ಕೆಂಪಾಯಿತು. ನಾಳೆಯಿಂದ ಬರಬೇಡ ಎಂದರು. ಪಡಸಾಲೆಯಲ್ಲಿ ಒಂದಿಬ್ಬರು ಗಂಡಸರು ಅವರ ಪರವಾಗಿ ಗೊಣಗಿದರು. ನಾನು ಮುಂದಿನ ಫಾರ್ಮು ಎಳೆದುಕೊಂಡೆ. ಆಗ ಗೋಡೆ ಹಿಡಿದುಕೊಂಡು ಬಂದ ಪ್ರಣಿತಾ ಬಾಗಿಲಲ್ಲಿ ನಿಂತು, ಯಾರನ್ನೂ ನೋಡದೆ ಹೇಳಿದಳು.

"ಅತ್ತೆ ಹೇಳೂದು ಖರೆ. ನಂಗೆ ಒಂದಿನಾನೂ ಆಗ್ಲಿಲ್ಲ."

ಬೀರಿ ಹೊಡೆದಳು. ಹುಡುಗಿಗಲ್ಲ, ಯಶೋದಾಳಿಗೆ. ಆ ಸದ್ದು ನನ್ನ ಟೇಬಲ್ಲಿನವರೆಗೆ ಕೇಳಿತು. ಯಶೋದಾ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಹುಡುಗಿಯ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಡಾಕ್ಟರು ಒಳಬಂದ ಮೇಲೆ ತಾಯಿಯ ಮುಖದ ಮೇಲೆ ಬಾಗಿಲು ಹಾಕಿದಳು.

ಈ ಸಲ ಡಾಕ್ಟರು ಮುಕ್ಕಾಲು ತಾಸು ತೆಗೆದುಕೊಂಡರು. ಹೊರಗಿದ್ದವರು ಕೂಗಾಡಿದರು. ತಾರೀಕಿನ ಸುಳ್ಳು ತಲೆಯಿಂದ ಹೋದ ಮೇಲೆ ಅದೇ ಪರದೆಯಲ್ಲಿ ಅವರಿಗೆ ಬೇರೆಯದೇ ಕಂಡಿತು. ಆ ದೊಡ್ಡ ಚೀಲದ ನೆತ್ತಿಯ ಮೇಲೆ ಪುಟ್ಟ ಟೋಪಿಯ ಹಾಗೆ ಗರ್ಭಕೋಶ ಕೂತಿತ್ತು. ಎರಡು ಪಕ್ಕಗಳಲ್ಲಿ ಎರಡು ಅಂಡಾಶಯ, ಏನೂ ಆಗದೆ, ತಮ್ಮ ಪಾಡಿಗೆ. ಚೀಲ ಎಂದರೆ ಕೆಳಗಿನ ಹಾದಿಯೇ, ರಕ್ತ ತುಂಬಿ ಹಿಗ್ಗಿದ್ದು. ಹುಟ್ಟುವಾಗಲೇ ಆ ಹಾದಿಗೆ ಅಡ್ಡಲಾಗಿ ಒಂದು ಗೋಡೆ ಉಳಿದುಬಿಟ್ಟಿತ್ತು. ಮಧ್ಯಾಹ್ನ ಎಂ.ಆರ್.ಐ. ಆಯಿತು. ಗೋಡೆ ಎಲ್ಲಿದೆ, ಎಷ್ಟು ದಪ್ಪ ಎಂದು ಅದರಲ್ಲಿ ಅಳತೆ ಸಮೇತ ಬಂತು. ಈ ಅಂಗಗಳೂ ಮೂತ್ರಪಿಂಡಗಳೂ ಒಟ್ಟಿಗೇ ಬೆಳೆಯುವಂಥವು, ಒಂದರಲ್ಲಿ ದೋಷವಿದ್ದರೆ ಇನ್ನೊಂದನ್ನೂ ನೋಡಬೇಕು ಎಂದು ಡಾಕ್ಟರು ಅದನ್ನೂ ನೋಡಿದರು. ಎರಡೂ ಇದ್ದವು. ಮೊದಲಿನ ರಿಪೋರ್ಟನ್ನು ಯೋಗೇಶನ ಕೈಯಿಂದ ತೆಗೆದುಕೊಂಡು ಹರಿದರು. ನರ್ಸಿಂಗ್ ಹೋಮಿಗೆ ಫೋನು ಮಾಡಿ ಆಪರೇಷನ್ ಬೇಡವೆಂದರು. ನಮ್ಮ ಜಿಲ್ಲೆಯವರ ಹಣೆಬರಹದಂತೆ ಹುಡುಗಿಯನ್ನು ಜಿಲ್ಲೆಯ ಹೊರಗಿನ ದೊಡ್ಡ ಆಸ್ಪತ್ರೆಗೆ ಒಯ್ದರು. ಅಲ್ಲಿ ಗೋಡೆ ಕತ್ತರಿಸಿ ದಾರಿ ಮಾಡಿದರು. ಯಾವ ಅಂಗವನ್ನೂ ತೆಗೆಯಲಿಲ್ಲ.

ಇನ್ನು ಇಲ್ಲಿ ಎಲ್ಲರೂ ಯಶೋದಾಳ ಕೈ ಕುಲುಕಿದರು ಎಂದು ಬರೆದರೆ ಅದೂ ಇನ್ನೊಂದು ಸಿದ್ಧ ರಿಪೋರ್ಟಾಗುತ್ತದೆ. ರೋಗಿಯ ಗುಟ್ಟನ್ನು ಪಡಸಾಲೆಯಲ್ಲಿ ಕೂಗಿ ಹೇಳಿದಳು ಎಂದು ಡಾಕ್ಟರು ದೂರು ಬರೆದರು. ಅದು ಸುಳ್ಳೂ ಅಲ್ಲ. ಸಾಕ್ಷಿಯಾಗಿ ನನ್ನ ಸಹಿ ಕೇಳಿದರು, ನಾನು ಹಾಕಿದೆ. ಕೆಲಸದಿಂದ ತೆಗೆಯಲಿಲ್ಲ, ಅಷ್ಟು ಸಂಬಳಕ್ಕೆ ಬೇರೆ ಆಯಾ ಸಿಗುವುದಿಲ್ಲ. ಸಹಿ ಹಾಕಿದ ದಿನ ಹಳೆಯ ಕಪಾಟು ತೆರೆದು, ಧೂಳು ಕೊಡವಿ, ಹದಿನಾಲ್ಕು ವರ್ಷದ ಹಿಂದಿನ ಅವಳ ಫೈಲು ಹುಡುಕಿ ಓದಿದೆ. ಹಿರಿಯ ಡಾಕ್ಟರು ಕೈಯಲ್ಲೇ ಬರೆದಿದ್ದರು. ಗರ್ಭಕೋಶವಿಲ್ಲ. ಅದರ ಜಾಗದಲ್ಲಿ ಎರಡು ಸಣ್ಣ ಎಳೆಗಳು ಮಾತ್ರ. ಎಲ್ಲಿಯೂ ರಕ್ತ ತುಂಬಿಲ್ಲ. ಒಂದೇ ಮೂತ್ರಪಿಂಡ. ಕೊನೆಯಲ್ಲಿ, ಚಿಕಿತ್ಸೆಯಿಂದ ಗರ್ಭಕೋಶ ಬರುವಂಥದ್ದಲ್ಲ ಎಂದು ಅಡಿಗೆರೆ ಎಳೆದಿದ್ದರು. ಸಂಶಯಕ್ಕೆ ಜಾಗವೇ ಇರಲಿಲ್ಲ. ಹದಿನಾರಕ್ಕೆ ತೋರಿಸಿದ್ದರೂ ಅಷ್ಟೇ, ಇಪ್ಪತ್ತೊಂಬತ್ತಕ್ಕೆ ತೋರಿಸಿದ್ದರೂ ಅಷ್ಟೇ.

ಮೂರು ತಿಂಗಳ ಮೇಲೆ ಪ್ರಣಿತಾ ಮತ್ತೆ ಸ್ಕ್ಯಾನಿಗೆ ಬಂದಳು. ಮೈ ತುಂಬಿಕೊಂಡಿದ್ದಳು, ತಾರೀಕನ್ನು ತಾನೇ ಹೇಳಿದಳು. ಒಳಗೆ ಒಬ್ಬಳೇ ಹೋದಳು. ಬೀರಿ ನನ್ನ ಟೇಬಲ್ಲಿನ ಎದುರಿನ ಬೆಂಚಿನ ಮೇಲೆ ಕೂತಿದ್ದಳು. ಹುಡುಗಿಯನ್ನು ಮಲಗಿಸಿ ಯಶೋದಾ ಏನೋ ಕಾಗದ ಒಯ್ಯಲು ನನ್ನ ಬಳಿ ಬಂದಾಗ ಮುದುಕಿ ಬಾಯಿ ಬಿಟ್ಟಳು. ಕೃತಜ್ಞತೆಯ ಮಾತಿರಬಹುದು ಎಂದು ಕಿವಿಗೊಟ್ಟೆ.

"ಊರಿಗೆಲ್ಲ ಗೊತ್ತಾಯ್ತು. ಇದ್ನ ಇನ್ನು ಯಾರು ಲಗ್ನ ಆಗ್ತ್ರು?"

"ಆಗ್ದಿದ್ರೆ ಬಿಡ್ಲಿ. ಬದ್ಕಿ ಅದೆಯಲ್ಲ" ಎಂದಳು ಯಶೋದಾ, ಕಾಗದ ಹುಡುಕುತ್ತ.

ಬೀರಿ ದನಿ ತಗ್ಗಿಸಿದಳು. ಅವಳ ದನಿ ತಗ್ಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. "ನಿಂಗೂ ಹಂಗೇ ಗೋಡೆ ಇದ್ದಿರ್ಬಹುದಾ?"

ಯಶೋದಾಳ ಕೈ ನಿಂತಿತು.

"ಆ ಮುದಿ ಡಾಕ್ಟ್ರು ಸಮ ನೋಡ್ಲಿಲ್ವೋ ಎಂತೋ. ಇದಕ್ಕೂ ಮೊದ್ಲು ಗಡ್ಡೆ ಅಂದ್ರಲ್ಲ" ಎಂದಳು ಬೀರಿ. "ಇನ್ನೊಂದ್ಸಲ ನೋಡ್ಸು. ಗೋಡೆ ಇದ್ದಿದ್ರೆ, ಮುಚ್ಚಿಟ್ಟದ್ದು ನನ್ ತಪ್ಪು. ಇಲ್ದಿದ್ರೆ ನಂದೆಂತ ತಪ್ಪಿಲ್ಲ. ಒಂದು ಗೊತ್ತಾಗ್ಲಿ. ರಾತ್ರಿ ನಿದ್ರೆ ಬರೂದಿಲ್ಲ ನಂಗೆ."

ಒಂದು ಮಾತು ಸಾಕಿತ್ತು. ಇಲ್ಲ ಅವ್ವಿ, ನನಗೆ ಗೋಡೆ ಇರಲಿಲ್ಲ, ಗರ್ಭಕೋಶವೇ ಇರಲಿಲ್ಲ, ನೀನು ಯಾವಾಗ ತೋರಿಸಿದ್ದರೂ ಇಷ್ಟೇ ಆಗುತ್ತಿತ್ತು. ಅವಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಒಂದು ಸುಳ್ಳು ತಾರೀಕಿಗಾಗಿ ಪಡಸಾಲೆಯಲ್ಲಿ ರಂಪ ಮಾಡಿದ ಹೆಂಗಸು ಅವಳು. ತಾಯಿಯನ್ನು ತಲೆಯಿಂದ ಪಾದದವರೆಗೆ ನೋಡಿದಳು.

"ಇದ್ದಿರ್ಬಹುದು" ಎಂದಳು. "ಈಗ ನೋಡ್ಸಿ ಎಂತ ಮಾಡೂದು."

ಕಾಗದ ತೆಗೆದುಕೊಂಡು ಒಳಗೆ ಹೋದಳು.

ಬೀರಿ ಬಹಳ ಹೊತ್ತು ಆ ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ ಬೆಂಚಿನಿಂದ ಎದ್ದು, ಮೊಣಕಾಲು ಹಿಡಿದುಕೊಳ್ಳುತ್ತ ನನ್ನ ಟೇಬಲ್ಲಿಗೆ ಬಂದಳು. ನಾನು ರಿಪೋರ್ಟು ಕೊಡುವವಳು, ನನಗೆ ಎಲ್ಲ ಗೊತ್ತಿರುತ್ತದೆ ಎಂದು ಅವಳ ನಂಬಿಕೆ.

"ಬಾಯೀ, ಹದ್ನಾರು ವರ್ಷಕ್ಕೆ ಇಲ್ಲಿ ತಂದು ತೋರ್ಸಿದ್ರೆ ನನ್ ಮಗಳ ಗೋಡೆನೂ ತೆಗೀತಿದ್ರಾ?"

ಕಪಾಟು ನನ್ನ ಬೆನ್ನ ಹಿಂದೆಯೇ ಇತ್ತು. ಕೈ ಚಾಚಿದರೆ ಫೈಲು ಸಿಗುತ್ತಿತ್ತು. ಸ್ಕ್ಯಾನಿಂಗ್ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಯಶೋದಾ ಅಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ತೆಗೀತಿದ್ರು ಅಜ್ಜಿ" ಎಂದೆ.

ಮುದುಕಿ ತಲೆಯಾಡಿಸಿದಳು. ಬೆಂಚಿನವರೆಗೆ ಹೋಗಲಾಗದೆ ಅಲ್ಲೇ, ನನ್ನ ಟೇಬಲ್ಲಿನ ಕಾಲಿನ ಹತ್ತಿರ, ನೆಲದ ಮೇಲೆ ಕೂತಳು. ನಾನು ಮುಂದಿನವರ ಹೆಸರು ಕರೆದೆ.